ಬೆರಳಲ್ಲಿ ಓದಿದ ಬೀದಿ

ಇವತ್ತು ಬೆಳಿಗ್ಗೆ ದೇವರ ಮುಂದೆ ಊದುಬತ್ತಿ ಹಚ್ಚಲು ಹೋದವನು ಅದರ ಪೆಟ್ಟಿಗೆಯನ್ನು ಓದುತ್ತಾ ನಿಂತುಬಿಟ್ಟೆ. ಓದುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಗಂಧದ ಪರಿಮಳ, ತೇವವಿಲ್ಲದ ಜಾಗದಲ್ಲಿ ಇಡಿ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ, ಇಷ್ಟೇ. ಆದರೆ ಅದು ಕನ್ನಡದಲ್ಲಿತ್ತು. ನಾನು ಇನ್ನೂ ‘ಪರಿಮಳ’ದ ಕೊನೆಯ ಅಕ್ಷರದಲ್ಲಿದ್ದೆ. ಅಷ್ಟರಲ್ಲಿ ಅಡುಗೆಮನೆಯಿಂದ ನನ್ನ ಹೆಂಡತಿ ವಸಂತಿಯ ದನಿ ಬಂತು.

“ಎಂತದು ಮಾರಾಯ್ರೆ, ಊದುಬತ್ತಿ ಹಚ್ಚಿ ಅಂದ್ರೆ ಪೆಟ್ಟಿಗೆಗೆ ಪೂಜೆ ಮಾಡ್ತಿದ್ದೀರಾ?”

“ಓದ್ತಿದ್ದೇನೆ,” ಎಂದೆ.

ಅವಳು ಸುಮ್ಮನಾದಳು. ಹಿಂದೆಲ್ಲ ನಾನು ಹೀಗೆ ಸಿಕ್ಕಿದ್ದನ್ನು ಓದುತ್ತಾ ನಿಂತರೆ ಬೈಗುಳ ಖಾತ್ರಿ. ಈಗ ನಾನು ಓದುತ್ತಿದ್ದೇನೆಂದರೆ ಒಗ್ಗರಣೆ ಸೌಟನ್ನೂ ಸದ್ದಾಗದಂತೆ ಕೆಳಗಿಡುತ್ತಾಳೆ. ಈ ಮರ್ಯಾದೆ ನನಗೆ ಹೇಗೆ ಬಂತು ಎಂಬುದನ್ನು ಹೇಳಬೇಕು. ಅದರಲ್ಲಿ ನನ್ನ ಪಾಲಿಗಿಂತ ನನ್ನ ಮೊಮ್ಮಗಳು ಚಾರುವಿನ ಪಾಲೇ ಹೆಚ್ಚು.

ನಾನು ಮೊದಲಿನಿಂದಲೂ ಓದುಬಾಕ. ಒಳ್ಳೆಯ ಪುಸ್ತಕಗಳನ್ನು ಓದುವವನು ಎಂದು ಯಾರೂ ತಪ್ಪು ತಿಳಿಯಬಾರದು. ಕಣ್ಣೆದುರು ಬಂದದ್ದನ್ನು ಓದುವವನು. ಕಡಲೆ ಕಟ್ಟಿಕೊಟ್ಟ ಕಾಗದ, ಔಷಧಿ ಬಾಟಲಿಯ ಹಿಂಬದಿ, ಮುಂದಿನ ಸೀಟಿನವರ ಹೆಗಲ ಮೇಲಿಂದ ಅವರ ಪೇಪರು. ಮದುವೆಗೆ ಹೆಣ್ಣು ನೋಡಲು ಹೋದಾಗ ವಸಂತಿ ತಿಂಡಿ ತಂದಿಟ್ಟರೆ ನಾನು ಗೋಡೆಯ ಕ್ಯಾಲೆಂಡರಿನಲ್ಲಿ ರಾಹುಕಾಲ ಓದುತ್ತಿದ್ದೆನಂತೆ. ನನಗೆ ನೆನಪಿಲ್ಲ, ಅವಳಿಗೆ ಮರೆತಿಲ್ಲ.

ಈ ಚಟ ಹತ್ತಿದ್ದು ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ. ಅಪ್ಪನದು ಅಲ್ಲೊಂದು ಸೋಡಾ ಅಂಗಡಿ. ಶಾಲೆಗೆ ಸೇರುವ ಮೊದಲು ನಾನು ಇಡೀ ದಿನ ಅಲ್ಲೇ ಖಾಲಿ ಬಾಟಲಿಗಳ ಪೆಟ್ಟಿಗೆಯ ಮೇಲೆ ಕೂತಿರುತ್ತಿದ್ದೆ. ಬಸ್ಸು ಬಂದು ನಿಂತ ಕೂಡಲೇ ಕಂಡಕ್ಟರ್ ಇಳಿದು “ಭಟ್ಕಳ ಭಟ್ಕಳ ಭಟ್ಕಳ” ಎಂದು ಒಂದೇ ಉಸಿರಿಗೆ ಕೂಗುತ್ತಿದ್ದ. ಅವನ ತಲೆಯ ಮೇಲೆ ಬೋರ್ಡು. ಕೂಗು ಮತ್ತು ಬೋರ್ಡು ನನ್ನ ತಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡವು. ಯಾರೂ ಕಲಿಸಲಿಲ್ಲ. ಒಂದು ದಿನ ಕಂಡಕ್ಟರ್ ಚಹಾ ಕುಡಿಯಲು ಹೋಗಿದ್ದಾಗ ಮುದುಕಿಯೊಬ್ಬಳು ಬಸ್ಸು ಎಲ್ಲಿಗೆ ಎಂದು ಕೇಳಿದಳು, ನಾನು ಬೋರ್ಡು ನೋಡಿ ಹೇಳಿದೆ. ಅಪ್ಪ ಸೋಡಾ ಒಡೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ ನೋಟ ಈಗಲೂ ಕಣ್ಣಲ್ಲಿದೆ. ಮುಂದೆ ಶಾಲೆಯಲ್ಲಿ ಮೇಷ್ಟರು ಬೋರ್ಡಿನ ಮೇಲೆ ‘ಅ’ ಬರೆದು ಇದೇನು ಎಂದು ಕೇಳಿದಾಗ ಗೊತ್ತಿಲ್ಲ ಎಂದೆ. ಅ ಎಂಬ ಊರಿಗೆ ನಮ್ಮಲ್ಲಿ ಬಸ್ಸಿರಲಿಲ್ಲ.

ಆಮೇಲೆ ಓದು, ಬ್ಯಾಂಕಿನ ಕೆಲಸ, ವರ್ಗವಾಗಿ ಮದ್ರಾಸು. ಇಲ್ಲೇ ಮಗಳು ಸುಮನಾ ಹುಟ್ಟಿದಳು, ಇಲ್ಲೇ ಓದಿದಳು, ಇಲ್ಲಿಯ ಹುಡುಗನನ್ನೇ ಮದುವೆಯಾದಳು. ಅಳಿಯ ತಮಿಳಿನವರು, ತಾಂಬರಂ ಕಡೆಯವರು. ಇಬ್ಬರಿಗೂ ಪೆರುಂಗುಡಿಯಲ್ಲಿ ಆಫೀಸು. ಬೆಸೆಂಟ್ ನಗರದಲ್ಲಿ ನಾವಿರುವ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಎದುರುಬದುರು ಮನೆ. ಹಾಗಾಗಿ ಚಾರು ಹಗಲೆಲ್ಲ ನಮ್ಮಲ್ಲಿ. ಅವಳಿಗೆ ಕನ್ನಡ ಎಲ್ಲಾ ಅರ್ಥವಾಗುತ್ತದೆ. ಉತ್ತರ ಮಾತ್ರ ತಮಿಳಿನಲ್ಲಿ.

ಚಾರುವಿಗೆ ನಾಲ್ಕೂವರೆ ವರ್ಷ ಇದ್ದಾಗ ಒಂದು ಬೆಳಿಗ್ಗೆ ನಾನು ಹಾಲು ತರಲು ಲಿಫ್ಟಿನಲ್ಲಿ ಇಳಿಯುತ್ತಿದ್ದೆ. ಲಿಫ್ಟಿನ ಗೋಡೆಗೆ ಒಂದು ನೋಟಿಸು ಅಂಟಿಸಿದ್ದರು. ಓದಲು ಹೋದೆ. ಏನೂ ಓದಲಾಗಲಿಲ್ಲ. ಅಕ್ಷರಗಳು ಕಾಣುತ್ತಿದ್ದವು, ಸ್ಪಷ್ಟವಾಗಿಯೇ ಕಾಣುತ್ತಿದ್ದವು, ಆದರೆ ಒಂದರದ್ದೂ ಗುರುತಿಲ್ಲ. ಕನ್ನಡಕ ಒರೆಸಿದೆ. ಮತ್ತೆ ನೋಡಿದೆ. ಯಾವುದೋ ಗೊತ್ತಿಲ್ಲದ ದೇಶದ ಬರಹದ ಹಾಗಿತ್ತು. ನನಗೆ ಸಿಟ್ಟು ಬಂತು. ಕೆಳಗೆ ಅಸೋಸಿಯೇಷನ್ ಸೆಕ್ರೆಟರಿ ರಾಮಭದ್ರನ್ ಗಿಡಕ್ಕೆ ನೀರು ಹಾಕುತ್ತಿದ್ದರು. ನೇರ ಹೋಗಿ, ನೋಟಿಸನ್ನು ಯಾರಿಗೂ ತಿಳಿಯದ ಭಾಷೆಯಲ್ಲಿ ಯಾಕೆ ಹಾಕಿದ್ದೀರಿ ಎಂದು ಕೇಳಿದೆ.

“ಇಂಗ್ಲಿಷ್ ದಾನ್ ಸಾರ್,” ಎಂದರು ಅವರು, ಗಾಬರಿಯಿಂದ. “ನಾಳೈಕ್ಕು ತಣ್ಣಿ ಲಾರಿ ವರಾದು, ಅವ್ವಳವುದಾನ್.”

ಅದು ಇಂಗ್ಲಿಷೇ ಅಂತೆ; ನಾಳೆ ನೀರಿನ ಲಾರಿ ಬರುವುದಿಲ್ಲ, ಅಷ್ಟೇ ಅದರಲ್ಲಿ ಇದ್ದದ್ದು. ನಾನು ಹಾಲಿನಂಗಡಿಯ ಕಡೆ ತಿರುಗಿ ಬೋರ್ಡು ನೋಡಿದೆ. ಅದೂ ಹಾಗೆಯೇ. ಎದುರಿನ ಔಷಧಿ ಅಂಗಡಿ, ನಿಂತಿದ್ದ ಆಟೋ, ಕೈಯಲ್ಲಿದ್ದ ಹಾಲಿನ ಕೂಪನ್ನು, ಎಲ್ಲವೂ ಹಾಗೆಯೇ. ರಾಮಭದ್ರನ್ ನನ್ನ ಮುಖ ನೋಡಿದವರು ನೀರಿನ ಪೈಪು ಕೈಬಿಟ್ಟು ನನ್ನ ತೋಳು ಹಿಡಿದುಕೊಂಡರು.

ಆಸ್ಪತ್ರೆಯಲ್ಲಿ ಹೇಳಿದರು, ಮೆದುಳಿನೊಳಗೆ ಸಣ್ಣದೊಂದು ರಕ್ತನಾಳ ಮುಚ್ಚಿಕೊಂಡಿದೆ ಎಂದು. ಕೈಕಾಲಿಗೆ ಏನೂ ಆಗಿರಲಿಲ್ಲ. ಮಾತು ಸರಿಯಿತ್ತು. ನೋಟದ ಬಲಗಡೆಯ ಅಂಚು ಸ್ವಲ್ಪ ಅಳಿಸಿದಂತಾಗಿತ್ತು. ಚಿಕ್ಕ ಪ್ರಾಯದ ಡಾಕ್ಟರಮ್ಮ ಒಂದು ಹಾಳೆ, ಪೆನ್ನು ಕೊಟ್ಟು ಏನಾದರೂ ಬರೆಯಿರಿ ಎಂದರು. ನಾನು ಸಲೀಸಾಗಿ ಬರೆದೆ. ‘ನನ್ನ ಹೆಸರು ಸದಾನಂದ. ಹುಟ್ಟಿದ್ದು ಕುಂದಾಪುರ. ಈಗ ಇರುವುದು ಮದ್ರಾಸು.’ ವಸಂತಿಯ ಮುಖ ಅರಳಿತು. ಡಾಕ್ಟರಮ್ಮ ಹಾಳೆಯನ್ನು ಮಗುಚಿಟ್ಟು, ಊಟ ನಿದ್ದೆಯ ಬಗ್ಗೆ ಸ್ವಲ್ಪ ಮಾತಾಡಿ, ಅದನ್ನೇ ಮತ್ತೆ ನನ್ನ ಮುಂದೆ ಹಿಡಿದು ಇದನ್ನು ಓದಿ ಎಂದರು.

“ಯಾರದೋ ಕೈಬರಹ ಚೆನ್ನಾಗಿದೆ,” ಎಂದೆ ನಾನು.

ವಸಂತಿ ಅತ್ತದ್ದು ಆಗಲೇ. ಬರೆಯುವುದು ಉಳಿದು ಓದುವುದು ಮಾತ್ರ ಹೋಗುವುದು ಅಪರೂಪ, ಆದರೆ ಉಂಟು ಎಂದರು ಡಾಕ್ಟರಮ್ಮ. ನಿಧಾನವಾಗಿ ಸ್ವಲ್ಪ ಸ್ವಲ್ಪ ಬರಬಹುದು, ಎಷ್ಟು ಎಂದು ಹೇಳಲಾಗದು, ಅಭ್ಯಾಸ ಬಿಡಬೇಡಿ ಎಂದರು. ಹಾಗಾಗಿ ಈ ಪ್ರಬಂಧವನ್ನು ನಾನೇ ಕೈಯಾರೆ ಬರೆಯುತ್ತಿದ್ದೇನೆ ಎಂದರೆ ಆಶ್ಚರ್ಯಪಡಬೇಡಿ. ಬರೆದದ್ದನ್ನು ಸಂಜೆ ವಸಂತಿ ನನಗೆ ಓದಿ ಹೇಳುತ್ತಾಳೆ. ಅವಳಿಗೆ ಹಿಡಿಸದ ಸಾಲು ಬಂದರೆ ಕೆಮ್ಮಿ ಮುಂದೆ ಹೋಗುತ್ತಾಳೆ. ಕ್ಯಾಲೆಂಡರಿನ ಸಂಗತಿ ಓದುವಾಗ ಮಾತ್ರ ಕೆಮ್ಮಲಿಲ್ಲ.

ಮನೆಗೆ ಬಂದ ಮೇಲಿನ ದಿನಗಳನ್ನು ಹೆಚ್ಚು ಹೇಳುವುದಿಲ್ಲ. ಪೇಪರು ಬೇಡವೆಂದೆ. ವಸಂತಿ ಕೇಳದೆ, ತಾನೇ ಓದಿ ಹೇಳುತ್ತೇನೆಂದು ತರಿಸಿದಳು. ಅವಳು ಓದುತ್ತಿದ್ದದ್ದು ಎರಡೇ, ಚಿನ್ನದ ದರ ಮತ್ತು ಯಾರು ತೀರಿಕೊಂಡರು ಎಂಬುದು. ರಾಜಕೀಯ ಓದು ಎಂದರೆ, “ಅದರಲ್ಲಿ ಎಂತ ಉಂಟು, ನಿನ್ನೆದೇ,” ಎನ್ನುತ್ತಿದ್ದಳು. ಸುಮನಾ ಎಲ್ಲಿಂದಲೋ ಹುಡುಕಿ ಕನ್ನಡ ಬಾಲಬೋಧೆ ತಂದಳು. ಬಣ್ಣದ ಚಿತ್ರಗಳು, ದೊಡ್ಡ ಅಕ್ಷರಗಳು. ಆನೆಯ ಚಿತ್ರ ನೋಡಿ ಇದು ‘ಆ’ ಇರಬೇಕು ಎಂದು ಊಹಿಸಿದೆ. ಚಿತ್ರವನ್ನು ಕೈಯಿಂದ ಮುಚ್ಚಿದರೆ ಅಕ್ಷರ ಮತ್ತೆ ಅಪರಿಚಿತ. ಜೀವನವಿಡೀ ಓದಿದ ಮನುಷ್ಯ ಆನೆಯ ದಾಕ್ಷಿಣ್ಯದಲ್ಲಿ ಒಂದು ಅಕ್ಷರ ಹೇಳಬೇಕಾಯಿತು. ಪುಸ್ತಕವನ್ನು ಮುಚ್ಚಿ ಕಪಾಟಿನ ಮೇಲೆ ಇಟ್ಟೆ.

“ನನಗೆ ಇನ್ನು ಓದುವುದು ಬೇಡ,” ಎಂದೆ. “ಸಾಕು ಓದಿದ್ದು.”

ಸುಮನಾ ಆಫೀಸಿಗೆ ಹೋದಳು. ಅವಳಿಗೆ ಆಗ ಇನ್ನೊಂದು ಚಿಂತೆಯೂ ಇತ್ತು. ಚಾರುವಿನ ಪ್ಲೇಸ್ಕೂಲಿನ ಮಿಸ್ ಕರೆದು ಹೇಳಿದ್ದರಂತೆ, ಹುಡುಗಿ ಅಕ್ಷರದ ಹಾಳೆ ಕೊಟ್ಟರೆ ಕೂರುವುದೇ ಇಲ್ಲ, ಒಂದನ್ನೂ ಗುರುತಿಸುವುದಿಲ್ಲ ಎಂದು. ದೊಡ್ಡ ಶಾಲೆಗೆ ಸೇರಿಸುವ ಸಮಯ ಹತ್ತಿರ ಬರುತ್ತಿತ್ತು. ಹೀಗೆ ಒಂದೇ ಮನೆಯಲ್ಲಿ ಅಕ್ಷರ ಬಾರದವರು ಇಬ್ಬರಾದೆವು.

ಇಬ್ಬರನ್ನೂ ಒಟ್ಟಿಗೆ ಮನೆಯಿಂದ ಹೊರಗೆ ಹಾಕಿದ್ದು ವಸಂತಿ.

“ನಿಮಗೆ ನಡೀಬೇಕು ಅಂತ ಡಾಕ್ಟರು ಹೇಳಿದ್ದಾರೆ. ಮಧ್ಯಾಹ್ನ ಮಗುವನ್ನು ಕರ್ಕೊಂಡು ಬನ್ನಿ,” ಎಂದಳು. ಪ್ಲೇಸ್ಕೂಲು ನಮ್ಮ ಬೀದಿಯ ತುದಿಯಲ್ಲೇ. ರಸ್ತೆ ದಾಟಬೇಕಾಗಿಲ್ಲ. ಆದರೂ ಮೊದಮೊದಲು ನನಗೆ ಗೊತ್ತಾಗದಂತೆ ಹಿಂದೆ ಬರುತ್ತಿದ್ದಳು. ತನ್ನ ಚಪ್ಪಲಿಯ ಸದ್ದು ನನಗೆ ಇಷ್ಟು ವರ್ಷದಲ್ಲಿ ಗುರುತಾಗಿರಲಿಕ್ಕಿಲ್ಲ ಎಂದುಕೊಂಡಿದ್ದಳೋ ಏನೋ. ಚಾರುವಿಗೂ ಒಂದು ಕೆಲಸ ವಹಿಸಿದ್ದಳು. “ಅಜ್ಜನಿಗೆ ಬಲಗಡೆ ಕಾಣಿಸೂದಿಲ್ಲ. ನೀನು ಆ ಬದಿಗೆ ನಡಿಬೇಕು.” ಅವಳು ಅದನ್ನು ಬಹಳ ಗಂಭೀರವಾಗಿ ತೆಗೆದುಕೊಂಡಳು. ಕಂಬ ಬಂದರೆ “ಅಜ್ಜ, ಪೋಸ್ಟು,” ನಾಯಿ ಮಲಗಿದ್ದರೆ “ಅಜ್ಜ, ನಾಯ್,” ಎಂದು ಕೈ ಎಳೆಯುತ್ತಿದ್ದಳು.

ಆ ನಡಿಗೆಯಲ್ಲಿ ನನಗೆ ತಿಳಿದದ್ದು, ಈ ಹುಡುಗಿ ಬೀದಿಯುದ್ದಕ್ಕೂ ಓದುತ್ತಲೇ ಇದ್ದಾಳೆ ಎಂದು. ನೀಲಿ ಬೋರ್ಡು ನೋಡಿ “ಪಾಲ್” ಎನ್ನುತ್ತಿದ್ದಳು, ಅಂದರೆ ಹಾಲು. ಹಸಿರು ಕೂಡಿಸುವ ಗುರುತು ಕಂಡರೆ “ಮರುಂದು,” ಔಷಧಿ. ಒಂದು ದಿನ ಬಸ್ಸೊಂದರ ಹಣೆಯ ಮೇಲಿನ ಅಂಕಿ ತೋರಿಸಿ, “ಅಜ್ಜ, ವೀಡು,” ಎಂದಳು. ವೀಡು ಎಂದರೆ ಮನೆ. ಬಸ್ಸಿನ ಮೇಲೆ ಮನೆ ಎಲ್ಲಿ ಬಂತು ಎಂದು ನನಗೆ ತಿಳಿಯಲಿಲ್ಲ. ಲಿಫ್ಟಿಗೆ ಬಂದ ಮೇಲೆ ಅವಳು ಗುಂಡಿ ಒತ್ತುವಾಗ ಹೊಳೆಯಿತು. ನಮ್ಮದು ಮೂರನೇ ಮಹಡಿ. ಅವಳಿಗೆ ಮೂರು ಎಂಬ ಅಂಕಿಯನ್ನು ಓದಿದರೆ ‘ಮನೆ’ ಎಂದಾಗುತ್ತದೆ. ಅದನ್ನು ಯಾರು ತಪ್ಪು ಎನ್ನುತ್ತಾರೆ? ನಾನೂ ಆಗ ಬಣ್ಣ ನೋಡಿ, ಗುರುತು ನೋಡಿ, ಜಾಗ ನೋಡಿ ಓದುತ್ತಿದ್ದೆ. ನೀಲಿ ಬೋರ್ಡು ನನಗೂ ಹಾಲೇ. ನಾವಿಬ್ಬರೂ ಒಂದೇ ಕ್ಲಾಸಿನವರು.

ಅವಳು ನಿಜವಾಗಿ ಹಿಡಿದ ಮೊದಲ ಅಕ್ಷರ ಇಂಗ್ಲಿಷಿನ ಸಿ. ಅದು ಅವಳ ಹೆಸರಿನ ತಲೆಯಲ್ಲಿ ಇರುವುದು. ಮಿಸ್ ಅವಳ ನೀರಿನ ಬಾಟಲಿಯ ಮೇಲೆ ಬರೆದು ಅಂಟಿಸಿದ್ದರು. ಅದು ಗುರುತಾದ ದಿನದಿಂದ ನಮ್ಮ ನಡಿಗೆ ನಿಧಾನವಾಯಿತು, ಯಾಕೆಂದರೆ ಈ ಊರಿನ ಹೆಸರೂ ಅದರಿಂದಲೇ ಶುರುವಾಗುತ್ತದೆ. ಬ್ಯಾಂಕಿನ ಬೋರ್ಡಿನ ಕೊನೆಗೆ ಚೆನ್ನೈ, ಲಾರಿಯ ಹಿಂದೆ ಚೆನ್ನೈ, ಕಸದ ಡಬ್ಬಿಯ ಮೇಲೂ ಚೆನ್ನೈ.

“ಅಜ್ಜ, ಎಲ್ಲಾತ್ತುಲೆಯುಂ ಎನ್ ಪೇರು,” ಎಂದಳು. ಎಲ್ಲದರಲ್ಲೂ ನನ್ನ ಹೆಸರು.

ಇಡೀ ನಗರ ತನ್ನ ಹೆಸರು ಬರೆದುಕೊಂಡಿದೆ ಎಂದು ನಂಬಿದ ಹುಡುಗಿ ಹೇಗೆ ನಡೆಯುತ್ತಾಳೆ ಎಂದು ನೋಡಬೇಕಿತ್ತು ನೀವು.

ನಮ್ಮ ದಾರಿಯಲ್ಲಿ ಒಂದು ಕಾಂಪೌಂಡು ಗೋಡೆ. ಅದರ ಮೇಲೆ ಕಂಪ್ಯೂಟರ್ ತರಗತಿಯ ಜಾಹೀರಾತನ್ನು ಆಳೆತ್ತರದ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದರು. ಚಾರು ಅಲ್ಲಿ ನಿಂತಳು. ಸಿ ಅಕ್ಷರದ ಮೇಲ್ತುದಿಗೆ ಬೆರಳಿಟ್ಟು, ಬಣ್ಣದ ಮೇಲೆಯೇ ಎಳೆಯುತ್ತಾ ಎಡಕ್ಕೆ ಬಾಗಿ ಕೆಳಗೆ ತಂದು ನಿಲ್ಲಿಸಿದಳು. ಶಾಲೆಯಲ್ಲಿ ಮರಳುಕಾಗದ ಕತ್ತರಿಸಿ ಮಾಡಿದ ಅಕ್ಷರಗಳ ಮೇಲೆ ಹೀಗೆ ಬೆರಳಾಡಿಸಲು ಹೇಳಿಕೊಟ್ಟಿದ್ದರಂತೆ. ಆಮೇಲೆ ನನ್ನನ್ನು ಕರೆದಳು.

“ನೀ ಪೋಡು, ಅಜ್ಜ.” ನೀನು ಮಾಡು.

“ನನಗೆ ಬೇಡ, ನೀನೇ ಮಾಡು,” ಎಂದೆ.

ಅವಳು ಬಿಡಲಿಲ್ಲ. ನನ್ನ ತೋರುಬೆರಳನ್ನು ತನ್ನ ಅಂಗೈಯಲ್ಲಿ ಹಿಡಿದು ಗೋಡೆಗೆ ಒತ್ತಿದಳು. “ಇಪ್ಪಡಿ,” ಎನ್ನುತ್ತಾ ಎಳೆದಳು. ಬಿಸಿಲಿಗೆ ಗೋಡೆ ಕಾದಿತ್ತು. ಬೆರಳು ಬಾಗಿ ಕೆಳಗಿಳಿದು ನಿಂತಿತು. ನಿಂತ ಆ ಕ್ಷಣದಲ್ಲಿ ನನಗೆ ಗೊತ್ತಾಯಿತು, ಇದು ಸಿ. ಚಾರು ಹೇಳಿದ್ದಕ್ಕೆ ಗೊತ್ತಾದದ್ದಿರಬಹುದು ಎಂದುಕೊಂಡೆ. ಪಕ್ಕದ ಅಕ್ಷರಕ್ಕೆ ಬೆರಳಿಟ್ಟೆ. ಕಣ್ಣಿಗೆ ಅದು ಏನೂ ಅಲ್ಲ. ಬೆರಳು ಸುತ್ತು ಬಂದು ಹೊರಟಲ್ಲಿಗೇ ಸೇರಿತು. ಓ. ಮುಂದಿನದು ಮೇಲೆ, ಕೆಳಗೆ, ಮೇಲೆ, ಕೆಳಗೆ. ಎಮ್. ಕಣ್ಣು ಮರೆತದ್ದನ್ನು ಕೈ ಮರೆತಿರಲಿಲ್ಲ. ಬರೆಯುವುದು ಉಳಿದಿತ್ತಲ್ಲ, ಅದು ಅಲ್ಲಿಯವರೆಗೂ ನನ್ನ ಉಪಯೋಗಕ್ಕೆ ಬರುತ್ತದೆಂದು ಹೊಳೆದಿರಲೇ ಇಲ್ಲ.

ನಾನು ಗೋಡೆಗೆ ಕೈಯೂರಿ ನಿಂತೆ. ಎದುರು ಬದಿಯಲ್ಲಿ ಇಸ್ತ್ರಿ ಬಂಡಿಯವರು ಪೆಟ್ಟಿಗೆ ಎತ್ತಿಟ್ಟು ಕೇಳಿದರು, “ಎನ್ನ ಸಾರ್, ಮಯಕ್ಕಮಾ?” ತಲೆ ಸುತ್ತುತ್ತಿದೆಯಾ ಎಂದು. ಇಲ್ಲ ಎಂದು ತಲೆಯಾಡಿಸಿದೆ. ಚಾರುವಿಗೆ ಮಾತ್ರ ಹಸಿವಾಗಿತ್ತು, “ವಾ, ಪೋಲಾಂ,” ಎಂದು ಎಳೆಯುತ್ತಿದ್ದಳು.

ಮನೆಯಲ್ಲಿ ಹೇಳಲಿಲ್ಲ. ನಾಳೆ ಮತ್ತೆ ಹೋಗಿ ನೋಡಿ, ಅದು ಉಳಿದಿದ್ದರೆ ಹೇಳುವ ಎಂದುಕೊಂಡೆ. ಮರುದಿನವೂ ಉಳಿದಿತ್ತು. ಅಂದು ಊಟಕ್ಕೆ ಕೂತಾಗ ವಸಂತಿಗೆ ಹೇಳಿದೆ. ಅವಳು ಬಡಿಸುವುದನ್ನು ನಿಲ್ಲಿಸಿ, ಎಣ್ಣೆಯ ಡಬ್ಬಿ ತಂದು ಮುಂದಿಟ್ಟು, “ಇದು?” ಎಂದಳು. ನಾನು ಬೆರಳಿಟ್ಟು ಸಾಗಿದೆ. ಅರ್ಧ ಹೆಸರು ಹೇಳುವಷ್ಟರಲ್ಲಿ ಸಾರು ತಣ್ಣಗಾಯಿತು. ಅವಳು ಅದನ್ನು ಮತ್ತೆ ಬಿಸಿ ಮಾಡಲು ಒಳಗೆ ಹೋದವಳು ಬಹಳ ಹೊತ್ತು ಅಲ್ಲೇ ಇದ್ದಳು.

ಅಲ್ಲಿಂದ ಮುಂದೆ ನಮ್ಮಿಬ್ಬರಿಗೂ ಬೀದಿಯೇ ಪಾಠಶಾಲೆ. ಬಾಗಿಲು ಹಾಕಿದ ಅಂಗಡಿಗಳ ಷಟರು, ವಿದ್ಯುತ್ ಪೆಟ್ಟಿಗೆಯ ಅಪಾಯದ ಫಲಕ, ಗೇಟುಗಳ ಮೇಲಿನ ಮನೆಯ ಹೆಸರು. ಅಜ್ಜ ಮೊಮ್ಮಗಳು ಊರಿನ ಧೂಳು ಒರೆಸುವ ಕೆಲಸಕ್ಕೆ ಸೇರಿದ್ದಾರೆ ಎಂದು ಜನ ತಿಳಿದಿರಬೇಕು. ನಿಲ್ಲಿಸಿದ್ದ ಕಾರೊಂದರ ಹಿಂದಿನ ಗಾಜಿನ ಧೂಳಿನ ಮೇಲೆ ಚಾರು ತನ್ನ ಅಕ್ಷರ ಬರೆದಳು, ನಾನು ಅದರ ಪಕ್ಕ ನನ್ನದು ಬರೆದೆ. ಕಾರಿನವರು ಬಂದರು. ಮಗುವನ್ನು ನೋಡಿ ನಕ್ಕರು. ನನ್ನನ್ನು ನೋಡಿ ನಗಲಿಲ್ಲ.

ಆದರೆ ನನಗೆ ಬೇಕಾಗಿದ್ದದ್ದು ಕನ್ನಡ. ಈ ಊರಿನ ಬೀದಿಯಲ್ಲಿ ಅದು ಎಲ್ಲಿ ಸಿಗಬೇಕು? ಹತ್ತು ರೂಪಾಯಿ ನೋಟಿನ ಹಿಂದೆ ಒಂದು ಸಾಲು ಉಂಟು, ಇರುವೆಗೆ ಬರೆದ ಹಾಗೆ. ಬೆರಳಿಟ್ಟರೆ ಕನ್ನಡದ ಜೊತೆ ಸುತ್ತಲಿನ ನಾಲ್ಕು ಭಾಷೆ ಮುಚ್ಚಿಹೋಗುತ್ತದೆ. ಕೊನೆಗೆ ನಾವೇ ಬರೆದುಕೊಳ್ಳುವುದು ಎಂದಾಯಿತು. ಸಂಜೆ ಎಲಿಯಟ್ಸ್ ಬೀಚಿನಲ್ಲಿ, ಸುಂಡಲ್ ಎಂಬ ಕಡಲೆ ಉಸಲಿ ಮಾರುವವರನ್ನು ದಾಟಿ, ಒದ್ದೆ ಮರಳು ಇರುವಲ್ಲಿಗೆ ಹೋಗುತ್ತಿದ್ದೆವು. ನಾನು ಕೊಡೆಯ ತುದಿಯಿಂದ ದೊಡ್ಡದಾಗಿ ಬರೆಯುತ್ತಿದ್ದೆ. ಬರೆದು, ಸ್ವಲ್ಪ ತಿರುಗಾಡಿ ಬಂದು, ಬರೆದದ್ದು ಏನೆಂದು ಮರೆತ ಮೇಲೆ ಇಬ್ಬರೂ ಕುಕ್ಕರಗಾಲಿನಲ್ಲಿ ಕೂತು ಬೆರಳಾಡಿಸಿ ಕಂಡುಹಿಡಿಯುತ್ತಿದ್ದೆವು. ಬರೆದವನಿಗೆ ಓದಲು ಬಾರದು, ಓದಲು ಹೊರಟವಳಿಗೆ ಬರೆಯಲು ಬಾರದು. ತಡಮಾಡಿದರೆ ಅಲೆ ಬಂದು ಅಳಿಸುತ್ತಿತ್ತು.

ಒಂದು ಸಂಜೆ ನಾನು ಬರೆದಿದ್ದ ಸಾಲನ್ನು ಚಾರು ಎದ್ದು ನಿಂತು ನೋಡಿದಳು. “ಅಜ್ಜ, ಮಿಸ್ ಎಲ್ಲಾತ್ತುಕ್ಕುಂ ಟಿಕ್ ಪೋಟ್ಟುಟ್ಟಾಂಗ,” ಎಂದಳು.

ಮಿಸ್ ಎಲ್ಲದಕ್ಕೂ ಟಿಕ್ ಹಾಕಿಬಿಟ್ಟಿದ್ದಾರೆ. ನನಗೆ ಅರ್ಥವಾಗಲಿಲ್ಲ. ಅವಳು ಬೆರಳಿನಿಂದ ತೋರಿಸಿದಳು. ತ, ನ, ಮ, ರ, ವ. ಪ್ರತಿಯೊಂದರ ತಲೆಯ ಮೇಲೂ ಇರುವ ತಲೆಕಟ್ಟು ಅವಳಿಗೆ ಸರಿಯುತ್ತರಕ್ಕೆ ಮಿಸ್ ಹಾಕುವ ಗುರುತಿನ ಹಾಗೆ ಕಂಡಿತ್ತು. ಇಷ್ಟು ವರ್ಷ ಕನ್ನಡ ಬರೆದವನು ನಾನು, ನನ್ನ ಭಾಷೆಯ ಅಕ್ಷರಗಳು ಮೊದಲೇ ಪಾಸಾಗಿ ಕೂತಿವೆ ಎಂದು ತಿಳಿದಿರಲಿಲ್ಲ. ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. ಜ, ಬ, ಲ ಇವಕ್ಕೆ ಯಾಕೆ ಟಿಕ್ ಇಲ್ಲ, ಅವು ಏನು ತಪ್ಪು ಮಾಡಿದವು ಎಂದು ಕೇಳಿದಳು. ಯೋಚಿಸಿ ಹೇಳುತ್ತೇನೆಂದು ಹೇಳಿದ್ದೇನೆ. ಇನ್ನೂ ಯೋಚಿಸುತ್ತಿದ್ದೇನೆ.

ವಸಂತಿ ಈ ಆಟಕ್ಕೆ ತಡವಾಗಿ ಸೇರಿದವಳು. ಚಾರು ದೋಸೆಹಿಟ್ಟಿನಲ್ಲಿ ಅಕ್ಷರ ಹಾಕಿಕೊಡು ಎಂದಾಗ, ತಿನ್ನುವ ವಸ್ತುವಿನಲ್ಲಿ ಆಟ ಬೇಡ ಎಂದು ಗದರಿದ್ದಳು. ಕೆಲವು ದಿನಗಳ ನಂತರ ಭಾನುವಾರ ತಟ್ಟೆಗೆ ಬಂದು ಬಿದ್ದದ್ದು ‘ಚಾ’. ನೋಡಿದರೆ ಅದು ಉಲ್ಟಾ. ಕಾವಲಿಯ ಮೇಲೆ ಮಗುಚಿ ಹಾಕಿದರೆ ಅಕ್ಷರವೂ ಮಗುಚುತ್ತದೆ ಎಂದು ವಸಂತಿಗೆ ಹೊಳೆದಿರಲಿಲ್ಲ. ಮುಂದಿನದನ್ನು ಉಲ್ಟಾ ಹೊಯ್ದು ಮಗುಚಿ ಸರಿಮಾಡಿದಳು. ಅವಳು ಹೀಗೆ ಕನ್ನಡಿಯ ಅಕ್ಷರ ಹೊಯ್ಯುವುದರಲ್ಲಿ ಪಳಗಿದ ಹೊತ್ತಿಗೆ ಚಾರುವಿಗೆ ದೋಸೆ ಬೇಸರವಾಗಿ ಉಪ್ಪಿಟ್ಟು ಬೇಕಾಯಿತು.

ಎಲ್ಲವೂ ಹೀಗೆ ಸಲೀಸಾಗಿ ನಡೆಯಿತೆಂದು ತಿಳಿಯಬೇಡಿ. ನಾನು ಬಹಳ ಜಂಬದಿಂದ ಡಾಕ್ಟರಮ್ಮನ ಬಳಿ ಹೋದೆ. ಅವರು ಒಂದು ಪತ್ರಿಕೆಯ ಪುಟ ಕೊಟ್ಟರು. ಸಣ್ಣ ಅಕ್ಷರ, ಸಾಲಿನ ಮೇಲೆ ಸಾಲು. ಅವರ ಮುಂದೆ ಬೆರಳಾಡಿಸಲು ನಾಚಿಕೆಯಾಗಿ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡೆ. ಬರೀ ಕಣ್ಣಿಂದ ಒಂದು ಪದವೂ ಬರಲಿಲ್ಲ. ಮನಸ್ಸು ಕುಗ್ಗಿತು. ಇಷ್ಟೆಲ್ಲ ಮಗುವಿನ ಜೊತೆಗಿನ ಆಟವೇ ಆಯಿತಲ್ಲ, ಎಂದುಕೊಂಡೆ. ಡಾಕ್ಟರಮ್ಮ ಬಗ್ಗಿ ಮೇಜಿನ ಕೆಳಗೆ ನೋಡಿದರು. ನನ್ನ ಬೆರಳು ತನ್ನ ಪಾಡಿಗೆ ತೊಡೆಯ ಮೇಲೆ ಬರೆಯುತ್ತಿತ್ತು.

“ಅದನ್ನು ಮೇಲೆ ತನ್ನಿ ಸಾರ್,” ಎಂದರು ಇಂಗ್ಲಿಷಿನಲ್ಲಿ. “ಅದನ್ನು ಯಾಕೆ ಅಡಗಿಸ್ತೀರಿ? ಯಾರು ಹೇಳಿಕೊಟ್ಟರು ನಿಮಗೆ ಇದನ್ನು?”

“ನನ್ನ ಮೊಮ್ಮಗಳು.”

“ಬಿಡಬೇಡಿ ಹಾಗಾದರೆ,” ಎಂದರು. “ನಿಧಾನವಾದರೂ ಪರವಾಗಿಲ್ಲ.”

ನಿಧಾನ ಎಂದರೆ ಎಷ್ಟು ನಿಧಾನ ಎಂದು ಹೇಳುವುದು ಕಷ್ಟ. ಬೆಳಿಗ್ಗೆಯ ಪೇಪರಿನ ಒಂದು ತಲೆಬರಹಕ್ಕೆ ಒಂದು ಲೋಟ ಕಾಫಿ ಖರ್ಚಾಗುತ್ತದೆ. ಆದರೆ ಬೆರಳಿನ ಚಲನೆ ಕ್ರಮೇಣ ಚಿಕ್ಕದಾಗುತ್ತಾ ಬಂತು. ಗೋಡೆಯ ಮೇಲಿದ್ದದ್ದು ಅಂಗೈಗೆ ಬಂತು, ಅಂಗೈಯಿಂದ ಹೆಬ್ಬೆರಳ ತುದಿಗೆ. ಈಗ ಕೈಯನ್ನು ಷರ್ಟಿನ ಜೇಬಿನೊಳಗೆ ಇಟ್ಟುಕೊಂಡು ಓದುತ್ತೇನೆ. ನೋಡಿದವರಿಗೆ ಚಿಲ್ಲರೆ ಹುಡುಕುತ್ತಿದ್ದಾನೆ ಅನಿಸಬೇಕು. ಕೆಲವು ಪದಗಳು, ಹಳೆಯ ಗೆಳೆಯರ ಹಾಗೆ, ಬೆರಳಿಗೆ ಕಾಯದೆ ಕಣ್ಣಿಗೇ ಸಿಕ್ಕಿಬಿಡುತ್ತವೆ. ‘ಕನ್ನಡ’ ಅಂಥದ್ದೊಂದು. ‘ಕಾಫಿ’ ಇನ್ನೊಂದು.

ಚಾರುವಿನದು ಬೇರೆ ವೇಗ. ಪ್ಲೇಸ್ಕೂಲಿನ ಕೊನೆಯ ತಿಂಗಳುಗಳಲ್ಲಿ ಅವಳಿಗೆ ಅಕ್ಷರಗಳು ಒಂದನ್ನೊಂದು ಹಿಡಿದುಕೊಂಡು ಬರತೊಡಗಿದವು. ಇಂಗ್ಲಿಷು ಬಂತು, ಅದರ ಹಿಂದೆಯೇ ತಮಿಳು, ನನ್ನ ದೆಸೆಯಿಂದ ಒಂದಿಷ್ಟು ಕನ್ನಡ. ಮಿಸ್ ಸುಮನಾಳನ್ನು ಮತ್ತೆ ಕರೆದರು. ಈ ಸಲ ಹೇಳಿದ್ದು, ಕ್ಲಾಸಿನ ಗೋಡೆಯ ಮೇಲೆಲ್ಲ ಇವಳ ಬೆರಳಿನ ಗುರುತು, ನೋಡಿ ನೋಡಿ ಉಳಿದ ಮಕ್ಕಳೂ ಶುರುಮಾಡಿದ್ದಾರೆ, ಹಾಗಾಗಿ ಅಕ್ಷರಗಳ ಪಟವನ್ನೇ ಅವರ ಕೈಗೆ ಎಟುಕುವಷ್ಟು ಕೆಳಗೆ ಇಳಿಸಿದ್ದೇನೆ ಎಂದು. ಸುಮನಾ ಅಂದು ಆಫೀಸಿನಿಂದ ನೇರ ನಮ್ಮ ಮನೆಗೆ ಬಂದು, ಚೀಲವನ್ನೂ ಇಳಿಸದೆ ನನ್ನ ಪಕ್ಕ ಕೂತು ಇದನ್ನು ಹೇಳಿದಳು. ಹೇಳಿ, “ಅಪ್ಪ, ಅವಳು ನಿಮ್ಮ ಹಾಗೇ,” ಎಂದಳು. ನಾನು ಯಾವ ಪರೀಕ್ಷೆ ಪಾಸಾದಾಗಲೂ ಇಷ್ಟು ಉಬ್ಬಿರಲಿಲ್ಲ.

ಈಗ ಚಾರು ಒಂದನೇ ಕ್ಲಾಸು. ದೊಡ್ಡ ಶಾಲೆ, ಹಳದಿ ವ್ಯಾನು. ಸಂಜೆ ವ್ಯಾನು ಬೀದಿಯ ತುದಿಗೆ ಬಿಡುತ್ತದೆ, ನಾನು ಕಾದಿರುತ್ತೇನೆ. ಈಗಲೂ ಅವಳು ನನ್ನ ಬಲಗಡೆಗೇ ಬರುತ್ತಾಳೆ. ಓದುವುದಕ್ಕೆ ಅವಳಿಗೆ ಬೆರಳು ಬೇಡ, ನಿಲ್ಲುವುದೂ ಬೇಡ. ಓಡುವ ಆಟೋದ ಬೆನ್ನಿನ ಮೇಲಿದ್ದದ್ದನ್ನು ಅದು ತಿರುಗುವಷ್ಟರಲ್ಲಿ ಓದಿ ಮುಗಿಸುತ್ತಾಳೆ. ನಾನು ಮೊದಲ ಅಕ್ಷರದಲ್ಲಿರುವಾಗ ಅವಳು ಪೂರ್ತಿ ಹೇಳಿ ಮುಂದೆ ಹೋಗಿರುತ್ತಾಳೆ. ಒಂದೆರಡು ಸಲ, “ನೀ ರೊಂಬ ಸ್ಲೋ, ಅಜ್ಜ,” ಎಂದದ್ದೂ ಉಂಟು. ನಿಜವನ್ನೇ ಹೇಳಿದಳು. ಹಾಗಿದ್ದರೂ ಅಂದೆಲ್ಲ ನನಗೆ ಸ್ವಲ್ಪ ಮಂಕಾಗಿತ್ತು. ಒಂದೇ ಕ್ಲಾಸಿನಲ್ಲಿದ್ದವಳು ಪಾಸಾಗಿ ಹೋದಳು, ನಾನು ಅದೇ ಬೆಂಚಿನಲ್ಲಿ ಉಳಿದೆ ಎಂಬ ಹಾಗೆ.

ಕಳೆದ ವಾರ ಅವಳನ್ನು ವ್ಯಾನಿನಿಂದ ಇಳಿಸಿಕೊಂಡು ಬರುವಾಗ ಒಂದು ಹೊಸ ಗೋಡೆ ಕಂಡಿತು. ಹಳೆಯ ಮನೆಯೊಂದನ್ನು ಕೆಡವಿ ಕಾಂಪೌಂಡು ಎಬ್ಬಿಸಿ ಬಿಳಿ ಬಳಿದಿದ್ದರು. ನಡುವೆ ಕೆಂಪು ಬಣ್ಣದಲ್ಲಿ ತಮಿಳಿನ ಎರಡು ಪದ. ಹೊಸ ಬರಹವೆಂದರೆ ನನಗೆ ಈಗಲೂ ಬಾಯಲ್ಲಿ ನೀರು. ಜೇಬಿನೊಳಗಿನ ಬೆರಳು ಸಾಲದಾಯಿತು, ತಮಿಳು ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಕೈ ಹೊರತೆಗೆದು ಗೋಡೆಯ ಮೇಲೆಯೇ ಇಟ್ಟೆ.

ಚಾರು ಮೇಲೆ ನೋಡಿದಳು. ಅವಳ ಕಣ್ಣು ಎಡದಿಂದ ಬಲಕ್ಕೆ ಒಮ್ಮೆ ಹೋಯಿತು, ಅಷ್ಟೇ. ಓದಿಯಾಯಿತು ಎಂದು ನನಗೆ ಗೊತ್ತಾಯಿತು. ಇನ್ನು ಹೇಳಿಬಿಡುತ್ತಾಳೆ ಎಂದು ಕಾದೆ. ಹೇಳಲಿಲ್ಲ. ತುಟಿಗಳನ್ನು ಒಳಕ್ಕೆ ಮಡಚಿ ಬಿಗಿಯಾಗಿ ಮುಚ್ಚಿಕೊಂಡಳು, ಮಾತು ಹೊರಗೆ ಬೀಳದ ಹಾಗೆ. ಬೆನ್ನಿನ ಚೀಲವನ್ನು ಇಳಿಸಿ ಕಾಲ ಬಳಿ ಇಟ್ಟಳು.

ನಾನು ಒಂದೊಂದೇ ಅಕ್ಷರದ ಮೇಲೆ ಸಾಗಿದೆ. ಹಸಿ ಬಣ್ಣ ಬೆರಳಿಗೆ ಅಂಟುತ್ತಿತ್ತು. ದಾರಿಹೋಕರು ನೋಡಿಕೊಂಡು ಹೋದರು. ಒಂದು ಕಡೆ ತಪ್ಪಿ ಹಿಂದಕ್ಕೆ ಬಂದೆ. ಅವಳು ಕಾಲು ಬದಲಿಸಿ ನಿಂತಳು, ಆದರೆ ಕೈ ಎಳೆಯಲಿಲ್ಲ. ಕೊನೆಯ ಅಕ್ಷರ ಮುಗಿಸಿ, ಎಲ್ಲವನ್ನೂ ಕೂಡಿಸಿ ಗಟ್ಟಿಯಾಗಿ ಓದಿದೆ.

“ಇಂಗೇ ಎಳುದಾದೀರ್.”

ಇಲ್ಲಿ ಬರೆಯಬೇಡಿ.

ನಾನು ಗೋಡೆಯ ಮೇಲಿದ್ದ ನನ್ನ ಬೆರಳನ್ನು ನೋಡಿದೆ. ಚಾರುವಿನ ತುಟಿ ಆಗ ಬಿಚ್ಚಿತು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಷ್ಟು ಹೊತ್ತು ಆ ನಗುವನ್ನು ಹೇಗೆ ತಡೆದುಕೊಂಡಿದ್ದಳೋ ದೇವರಿಗೇ ಗೊತ್ತು.